ಸಮೋವನ್ ‘ಬರೀ ಆಡುಮಾತು’ ಅಲ್ಲ: ಒಂದು ಸ್ಪಷ್ಟನೆ

ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳ ಭಾಷೆ ಸಮೋವನ್. ಅದು ಬರವಣಿಗೆಯಿಲ್ಲದ ಬರೀ ಆಡುಮಾತು, ಯಾವ ವಿಶ್ವವಿದ್ಯಾಲಯವೂ ಅದನ್ನು ಕಲಿಸುವುದಿಲ್ಲ, ಸಿನಿಮಾ ಓದುವವರಿಗಂತೂ ಅದು ಬೇಡವೇ ಬೇಡ ಎಂಬ ಮಾತು ಹರಿದಾಡುತ್ತಿದೆ. ಮೂರೂ ತಪ್ಪು.

ರೋಮನ್ ಅಕ್ಷರಗಳಲ್ಲಿ ಬರೆಯುವ ಈ ಭಾಷೆಯಲ್ಲಿ 19ನೇ ಶತಮಾನದಲ್ಲೇ ಬೈಬಲ್ ಅಚ್ಚಾಗಿದೆ. ಆಕ್ಲೆಂಡ್, ಹವಾಯಿ ಮತ್ತು ವೆಲ್ಲಿಂಗ್ಟನ್‌ನ ವಿಕ್ಟೋರಿಯಾ ವಿಶ್ವವಿದ್ಯಾಲಯಗಳು ಇದನ್ನು ಪದವಿ ಹಂತದಲ್ಲಿ ಕಲಿಸಿವೆ. ನ್ಯೂಜಿಲೆಂಡಿನ 2018ರ ಜನಗಣತಿಯಲ್ಲಿ ಸಮೋವನ್ ಬಲ್ಲವರ ಸಂಖ್ಯೆ ಒಂದು ಲಕ್ಷ ದಾಟಿತ್ತು.

ಅದರಲ್ಲಿ ಓದುವುದಕ್ಕೆ ಏನಿದೆ ಎಂದು ಕೇಳುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ‘ತಮ’ ಎಂದರೆ ಹುಡುಗ. ಕೊನೆಯ ಸ್ವರವನ್ನು ಎಳೆದು ‘ತಮಾ’ ಎಂದರೆ ತಂದೆ. ಹ್ರಸ್ವ, ದೀರ್ಘಗಳ ಬೆಲೆಯನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮನೆಗೆ ಸಾಮಾನ್ಯ ಮಾತು ‘ಫಲೆ’, ಆದರೆ ಹಿರಿಯ ನಾಯಕನ ಮನೆ ‘ಮಾಓತ’. ಗೌರವದ ನುಡಿಗೆ ಹೀಗೆ ಬೇರೆಯದೇ ಪದಕೋಶವಿದೆ. ಸಂಭಾಷಣೆ ಬರೆಯುವವನು ಇಲ್ಲಿ ಎಡವಿದರೆ ಪಾತ್ರದ ಅಂತಸ್ತೇ ಬದಲಾಗಿಬಿಡುತ್ತದೆ.

ಇನ್ನು ಸಿನಿಮಾದ ಮಾತು. ಪೂರ್ಣವಾಗಿ ಸಮೋವನ್ ಭಾಷೆಯಲ್ಲೇ ತಯಾರಾದ ಮೊದಲ ಕಥಾಚಿತ್ರ ‘ದಿ ಒರೇಟರ್’ 2011ರಲ್ಲಿ ತೆರೆಕಂಡಿತು. ಸಭೆಯಲ್ಲಿ ಎದ್ದು ನಿಂತು ಮಾತನಾಡುವ ಹಕ್ಕೇ ಅದರ ಜೀವಾಳ. ನಿರ್ದೇಶಕ ಟೂಸಿ ತಮಸೇಸೆ ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಥೆ ರಚನೆ ಓದಿದವರು. ಆಸ್ಕರ್‌ನ ವಿದೇಶಿ ಭಾಷಾ ಚಿತ್ರ ವಿಭಾಗಕ್ಕೆ ನ್ಯೂಜಿಲೆಂಡ್ ಮೊಟ್ಟಮೊದಲು ಕಳಿಸಿದ ಚಿತ್ರ ಇದೇ.