ಇದನ್ನು ಧರ್ಮ ಅಂತ ಕರೀಬೇಡಿ

ಈಗಷ್ಟೇ ಒಂದು ವಿಡಿಯೊ ನೋಡಿದೆ. ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರದ ಸೇನಾನಾಯಕ ಲುಡ್ವಿಗ್ ಫೀಫರ್ ಧರ್ಮಕ್ಕಾಗಿಯೇ ಬದುಕಿದ ಮಹಾವೀರ ಅಂತ ಹೊಗಳಿದ್ದೇ ಹೊಗಳಿದ್ದು. ಮೈ ಉರಿಯಿತು. ಕ್ರೈಸ್ತರು ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಅಂತ ಒಡೆದ ಯುರೋಪಿನ ಧರ್ಮಸುಧಾರಣೆಯ ಕಾಲದ ಬಗ್ಗೆ ನನಗಿರುವ ಹುಚ್ಚು ನಿಮಗೆ ಗೊತ್ತೇ ಇದೆ. ಸುಮ್ನೆ ಇರೋಕೆ ಆಗಲಿಲ್ಲ.

ಫೀಫರ್ ಧೈರ್ಯವಂತ, ಒಪ್ಪಿದೆ. 1567ರಲ್ಲಿ ಫ್ರಾನ್ಸಿನ ಮೋ ಊರಿನಿಂದ ಹದಿಹರೆಯದ ರಾಜ ಒಂಬತ್ತನೇ ಚಾರ್ಲ್ಸ್‌ನನ್ನು ಪ್ಯಾರಿಸ್‌ಗೆ ತಲುಪಿಸಿದ್ದು ಅವನೇ. ರಾಜನ ಸುತ್ತ ಸುಮಾರು 6,000 ಸ್ವಿಸ್ ಈಟಿಗಾರರು. ಹ್ಯೂಗನಾಟರ, ಅಂದರೆ ಫ್ರಾನ್ಸಿನ ಪ್ರಾಟೆಸ್ಟಂಟರ ಕುದುರೆ ಪಡೆ ದಾರಿಯುದ್ದಕ್ಕೂ ಕಾಡಿದರೂ ಸಾಲು ಒಡೆಯಲಿಲ್ಲ. ಆದರೆ ಆ ಈಟಿ ಹಿಡಿದವರು ಯಾರು? ಹಳ್ಳಿಯ ಹುಡುಗರು. ಅವರ ಬಗ್ಗೆ ವಿಡಿಯೊದಲ್ಲಿ ಒಂದು ಮಾತೂ ಇಲ್ಲ.

ಬೇರೆ ದೇಶದ ರಾಜರಿಗೆ ಬಾಡಿಗೆ ಸೈನಿಕರನ್ನು ಕೊಡುವ ಈ ವ್ಯವಹಾರ ನಡೆಯುತ್ತಿದ್ದದ್ದು ಹೀಗೆ. ರಾಜ ದುಡ್ಡು ಕೊಡುವುದು ನಾಯಕನಿಗೆ. ನಾಯಕ ಹುಡುಗರನ್ನು ಕೂಡಿಸಬೇಕು, ಸಂಬಳ ಹಂಚಬೇಕು, ಉಳಿದದ್ದು ಅವನದು. ಊರಿನ ದೊಡ್ಡವರಿಗೆ ರಾಜನಿಂದ ವರ್ಷಾ ವರ್ಷಾ ಪಿಂಚಣಿ ಬೇರೆ. ಆ ಪಿಂಚಣಿ ತಿಂದವರೇ ಸಭೆಯಲ್ಲಿ ಕೂತು ಪಡೆ ಕಳಿಸುವ ತೀರ್ಮಾನ ಮಾಡುತ್ತಿದ್ದರು. ಮುಂದೆ ಫೀಫರ್ ಲೂಸರ್ನ್ ಆಡಳಿತದ ಮುಖ್ಯಸ್ಥನೂ ಆದ. ಹುಡುಗರ ಪರ ಮಾತಾಡೋಕೆ ಅಲ್ಲಿ ಯಾರಿದ್ದರು ಹೇಳಿ?

ಅವನ ಕ್ಯಾಥೊಲಿಕ್ ಭಕ್ತಿ ನಿಜವೇ ಇರಬಹುದು. ಆದರೆ ಭಕ್ತಿ ಮತ್ತು ಲಾಭ ಎರಡೂ ಒಂದೇ ಕಡೆ ಕರೆದಾಗ, ಬರೀ ಭಕ್ತಿಯ ಹೆಸರು ಹೇಳುವುದು ಮೋಸ. ಈ ವ್ಯಾಪಾರ ಮುಂದೆ ನಮ್ಮ ಮಣ್ಣಿಗೂ ಬಂತು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಇಂಗ್ಲಿಷರ ಸೈನ್ಯದಲ್ಲಿ ಸ್ವಿಸ್ಸರ ದ ಮ್ಯೂರಾನ್ ರೆಜಿಮೆಂಟ್ ಇತ್ತು. ಮೊದಲು ಡಚ್ಚರ ಸಂಬಳದಲ್ಲಿದ್ದ ರೆಜಿಮೆಂಟ್ ಅದು. ಅಲ್ಲಿ ಯಾವ ಧರ್ಮದ ಪ್ರಶ್ನೆ ಇತ್ತು?

ಬೆಟ್ಟದ ನಾಡು, ಬಡತನ, ಬೇರೆ ದಾರಿ ಇರಲಿಲ್ಲ ಅಂತಾರೆ. ಹುಡುಗರ ಬಡತನ ನಿಜ. ಆದರೆ ಬೇರೆ ದಾರಿ ಇರಲಿಲ್ಲ ಅನ್ನೋದು ಶುದ್ಧ ಸುಳ್ಳು. 1522ರ ಜನವರಿಯಲ್ಲಿ ಜ್ಯೂರಿಕ್ ನಗರ ಬಾಡಿಗೆ ಯುದ್ಧವನ್ನೂ ಪಿಂಚಣಿಯನ್ನೂ ನಿಷೇಧಿಸಿತು. ಹಿಂದೆ ನಿಂತು ಒತ್ತಾಯಿಸಿದವನು ಅಲ್ಲಿನ ಧರ್ಮಸುಧಾರಕ ಝ್ವಿಂಗ್ಲಿ, ಸೈನ್ಯದ ಪಾದ್ರಿಯಾಗಿ ಇಟಲಿಯ ಯುದ್ಧಗಳಿಗೆ ಹೋಗಿ ಬಂದವನು. ಅದೇ ವರ್ಷ ಏಪ್ರಿಲ್ 27ರಂದು ಮಿಲಾನ್ ಹತ್ತಿರದ ಬಿಕೋಕಾದಲ್ಲಿ ಫ್ರೆಂಚರ ಪರ ಹೋಗಿದ್ದ ಸುಮಾರು 3,000 ಸ್ವಿಸ್ಸರು ಸತ್ತರು. ಸಂಬಳ ಬಾಕಿ ಇತ್ತು. ಇನ್ನು ಕಾಯಲ್ಲ ಅಂತ ಹಟ ಹಿಡಿದು, ಬಂದೂಕು ಫಿರಂಗಿಗಳಿಗೆ ಎದುರಾಗಿ ನುಗ್ಗಿದರು. ನಾಯಕರೂ ಸತ್ತರು, ಇಲ್ಲ ಅನ್ನಲ್ಲ. ಅವರ ಹೆಸರುಗಳು ಇವತ್ತಿಗೂ ಸಿಗುತ್ತವೆ.

ಝ್ವಿಂಗ್ಲಿಯೂ ಪೋಪನ ಪಿಂಚಣಿ ತಿಂದವನೇ ಅಲ್ವಾ ಅಂತ ಕೇಳೋರಿದ್ದಾರೆ. ಹೌದು, ತಿಂದಿದ್ದ. 1520ರಲ್ಲಿ ಬಿಟ್ಟುಬಿಟ್ಟ. ಫೀಫರ್ 1594ರಲ್ಲಿ ಸತ್ತಾಗ ಸ್ವಿಸ್ ನಾಡಿನ ದೊಡ್ಡ ಶ್ರೀಮಂತರಲ್ಲಿ ಒಬ್ಬನಾಗಿದ್ದ.