ಮೊದಲು ಎಣ್ಣೆ ಬಾಟಲಿ ನೋಡಿ, ಆಮೇಲೆ ಅನ್ನದ ಪಾತ್ರೆ

ನಲವತ್ತು ದಾಟಿದವರು ತೂಕ ಇಳಿಸಲು ಹೊರಟರೆ ಮೊದಲು ಬಿಡುವುದು ಅನ್ನ, ಇಲ್ಲವೇ ರಾತ್ರಿ ಊಟ. ಒಂದು ವಾರಕ್ಕೆ 2 ಕೆಜಿ ಇಳಿಯುತ್ತದೆ, ಖುಷಿಯೋ ಖುಷಿ. ಮೂರನೇ ವಾರ ತಕ್ಕಡಿ ಅಲ್ಲಾಡುವುದಿಲ್ಲ. ಬೇಸತ್ತು ಮೊದಲಿನಂತೆ ಉಣ್ಣತೊಡಗಿದರೆ ನಾಲ್ಕೇ ದಿನಕ್ಕೆ ಆ 2 ಕೆಜಿ ವಾಪಸ್. "ವಯಸ್ಸಾಯ್ತು, ಇನ್ನು ನಮ್ಮ ಮೈ ಇಷ್ಟೇ" ಎಂದು ಕೈಚೆಲ್ಲುತ್ತಾರೆ. ಇದು ಸಂಕಟದ ವಿಷಯ, ಯಾಕೆಂದರೆ ಮೈ ಏನೂ ತಪ್ಪು ಮಾಡಿಲ್ಲ. ಹೋದದ್ದರಲ್ಲಿ ಬಹುಪಾಲು ನೀರು, ಬಂದದ್ದೂ ನೀರೇ. ಪಿಷ್ಟವನ್ನು ದೇಹ ಗ್ಲೈಕೋಜನ್ ಆಗಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ ಬಿಟ್ಟಾಗ ಮೊದಲು ಖಾಲಿಯಾಗುವುದು ಈ ದಾಸ್ತಾನು. ಕೊಬ್ಬು ಕರಗುವ ಲೆಕ್ಕವೇ ಬೇರೆ: 1 ಕೆಜಿ ಕೊಬ್ಬೆಂದರೆ ಹೆಚ್ಚುಕಡಿಮೆ 7,700 ಕ್ಯಾಲೊರಿ. ದಿನಕ್ಕೆ 400 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ ಮುನ್ನೂರು ಮುನ್ನೂರೈವತ್ತು ಗ್ರಾಂ ಇಳಿಯಬಹುದು. ಅಷ್ಟೇ. ಮಧ್ಯವಯಸ್ಸಿನಲ್ಲಿ ಅಷ್ಟು ಸಾಕು ಕೂಡ.

"ವಯಸ್ಸಾದಂತೆ ಮೆಟಬಾಲಿಸಂ (ದೇಹ ಶಕ್ತಿ ಖರ್ಚು ಮಾಡುವ ವೇಗ) ನಿಧಾನವಾಗುತ್ತದೆ" ಎಂಬ ಮಾತನ್ನು ಎಲ್ಲರೂ ನಂಬಿಬಿಟ್ಟಿದ್ದಾರೆ. 2021ರಲ್ಲಿ ಅಮೆರಿಕದ ಸಂಶೋಧಕ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟುಗೂಡಿಸಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದು ನೋಡಿದಾಗ 20ರಿಂದ 60ರವರೆಗೆ ಶಕ್ತಿಯ ಖರ್ಚು ಬಹುತೇಕ ಒಂದೇ ಸಮ ಇತ್ತು. ಈ ನಡುವೆ ಬದಲಾಗುವುದು ನಮ್ಮ ಓಡಾಟ ಮತ್ತು ಸ್ನಾಯು. ಸ್ನಾಯುವನ್ನು ಉಪಯೋಗಿಸದಿದ್ದರೆ ಮೂವತ್ತರ ನಂತರ ಅದು ಮೆಲ್ಲಗೆ ಕರಗುತ್ತಾ ಹೋಗುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸರಲ್ಲಿ ಕೊಬ್ಬು ತೊಡೆಗಿಂತ ಹೊಟ್ಟೆಯ ಕಡೆ ಹೆಚ್ಚು ಸೇರುತ್ತದೆ. ಹೀಗಿರುವಾಗ ಬರೀ ಉಪವಾಸ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ತೂಕ ಮರಳಿದಾಗ ಮಾತ್ರ ಬಹುಪಾಲು ಕೊಬ್ಬೇ ಬರುತ್ತದೆ. ಹಾಗಾಗಿ ಏನು ಬಿಡಬೇಕು ಎಂದು ಕೇಳುವ ಮೊದಲು ಏನು ಸೇರಿಸಬೇಕು ಎಂದು ಕೇಳಿ.

ಸೇರಿಸಬೇಕಾದದ್ದು ಪ್ರೋಟೀನ್. ತೂಕ ಇಳಿಸುವ ದಿನಗಳಲ್ಲಿ ಪ್ರತಿ ಕೆಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಬೇಕು. 70 ಕೆಜಿ ಇರುವವರಿಗೆ ಕನಿಷ್ಠ 84 ಗ್ರಾಂ, ಅಂದರೆ ಹೊತ್ತಿಗೆ 28ರಂತೆ ಮೂರು ಹೊತ್ತು. (ತೂಕ ತೀರಾ ಹೆಚ್ಚಿದ್ದರೆ ಈಗಿನ ತೂಕಕ್ಕಲ್ಲ, ತಲುಪಬೇಕೆಂದಿರುವ ತೂಕಕ್ಕೆ ಲೆಕ್ಕ ಹಾಕಿ.) ಒಂದು ಮೊಟ್ಟೆಯಲ್ಲಿ 6 ಗ್ರಾಂ. 100 ಗ್ರಾಂ ಬೇಯಿಸಿದ ಕೋಳಿ ಎದೆಮಾಂಸದಲ್ಲಿ ಸುಮಾರು 30. ಸಸ್ಯಾಹಾರಿಗಳು ಎಡವುವುದು ಬೇಳೆಯ ವಿಷಯದಲ್ಲಿ. ಬೇಯಿಸಿದ ಗಟ್ಟಿ ಬೇಳೆ 200 ಗ್ರಾಂ ತಿಂದರೆ 18 ಗ್ರಾಂ ಪ್ರೋಟೀನ್ ಸಿಗುತ್ತದೆ. ಅದೇ ಬೇಳೆಗೆ ನಾಲ್ಕು ಪಟ್ಟು ನೀರು ಬೆರೆಸಿ ಎರಡು ಸೌಟು ಹಾಕಿಕೊಂಡರೆ ಸಿಗುವುದು ಮೂರೋ ನಾಲ್ಕೋ ಗ್ರಾಂ, ಆದರೂ "ದಿನಾ ಬೇಳೆ ತಿನ್ನುತ್ತೇನೆ" ಎಂಬ ಸಮಾಧಾನ. ಗಟ್ಟಿ ಬೇಳೆ 200 ಗ್ರಾಂ, ಮೊಸರು 200 ಗ್ರಾಂ ಸೇರಿದರೆ 25 ಆಯಿತು, ಉಳಿದದ್ದು ಅನ್ನದಿಂದಲೇ ಬರುತ್ತದೆ. ಸೋಯಾ ಚಂಕ್ಸ್ ಒಣಗಿದ್ದು 30 ಗ್ರಾಂ ನೆನೆಸಿ ಹಾಕಿದರೆ 15 ಗ್ರಾಂ. ಕಡಲೆಕಾಯಿ ಬೀಜವನ್ನು ಪ್ರೋಟೀನ್ ಎಂದು ನಂಬಿ ಮುಷ್ಟಿಗಟ್ಟಲೆ ತಿನ್ನಬೇಡಿ: 30 ಗ್ರಾಂ ಬೀಜದಲ್ಲಿ 7 ಗ್ರಾಂ ಪ್ರೋಟೀನ್, ಜೊತೆಗೆ 170 ಕ್ಯಾಲೊರಿ.

ಇನ್ನು ಕಡಿಮೆ ಮಾಡುವ ಮಾತು. ಇಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಅನ್ನದ ಪಾತ್ರೆಗೆ ಕೈ ಹಾಕುವ ಮೊದಲು ಎಣ್ಣೆ ಬಾಟಲಿಗೆ ಹಾಕಿ. ಹೊಸ ಬಾಟಲಿ ತೆರೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ಒಂದು ಲೀಟರ್ ಎಣ್ಣೆಯಲ್ಲಿ 8,000ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಮನೆಯಲ್ಲಿ ನಾಲ್ಕು ಜನ, ತಿಂಗಳಿಗೆ 4 ಲೀಟರ್ ಖರ್ಚು ಎಂದರೆ ತಲಾ ದಿನಕ್ಕೆ ಸುಮಾರು 270 ಕ್ಯಾಲೊರಿ ಬರೀ ಎಣ್ಣೆಯಿಂದ. ಅದನ್ನು 2 ಲೀಟರ್‌ಗೆ ಇಳಿಸಿದರೆ ಊಟದ ಪ್ರಮಾಣ ಕಡಿಮೆಯಾಗದೆಯೇ ತಿಂಗಳಿಗೆ ಅರ್ಧ ಕೆಜಿ ಕೊಬ್ಬಿನಷ್ಟು ಕ್ಯಾಲೊರಿ ತಲಾ ಉಳಿಯುತ್ತದೆ. ಬಾಟಲಿಯಿಂದ ನೇರವಾಗಿ ಬಗ್ಗಿಸುವ ಅಭ್ಯಾಸವೇ ಮೋಸ, ಒಂದು ಕ್ಷಣ ಕೈ ಜಾರಿದರೂ ಎರಡು ಚಮಚ ಹೆಚ್ಚು ಬೀಳುತ್ತದೆ. ದೊಡ್ಡ ಚಮಚದಿಂದಲೇ (15 ಮಿ.ಲೀ., 120 ಕ್ಯಾಲೊರಿ) ಅಳೆದು ಹಾಕಿ. ಹಾಗಂತ ಎಣ್ಣೆಯನ್ನು ಪೂರ್ತಿ ಬಿಡಬೇಡಿ. ಎ, ಡಿ, ಇ, ಕೆ ವಿಟಮಿನ್‌ಗಳನ್ನು ದೇಹ ಹೀರಿಕೊಳ್ಳಲು ಕೊಬ್ಬು ಬೇಕು. ಕೊಬ್ಬಿಲ್ಲದ ಊಟದಲ್ಲಿ ತೂಕ ರಭಸವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚು.

ಅನ್ನವೋ ಬ್ರೆಡ್ಡೋ, ಯಾವುದಾದರೂ ಇರಲಿ, ತಟ್ಟೆಯ ಕಾಲು ಭಾಗ ಸಾಕು. ಅರ್ಧ ತರಕಾರಿ, ಸೊಪ್ಪು. ಮೊದಲು ತರಕಾರಿ ಮತ್ತು ಬೇಳೆ ತಿಂದು ಆಮೇಲೆ ಅನ್ನಕ್ಕೆ ಬನ್ನಿ, ಎರಡನೇ ಸಲ ಬಡಿಸಿಕೊಳ್ಳುವುದು ತಾನಾಗಿ ತಪ್ಪುತ್ತದೆ. ನಾರಿನಂಶ ದಿನಕ್ಕೆ 25-30 ಗ್ರಾಂ ಒಳ್ಳೆಯದು, ಆದರೆ ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಖಂಡಿತ. ಎರಡು ವಾರ ತೆಗೆದುಕೊಂಡು ನಿಧಾನವಾಗಿ ಏರಿಸಿ, ನೀರೂ ಜಾಸ್ತಿ ಕುಡಿಯಿರಿ.

ಇಷ್ಟೆಲ್ಲ ಮಾಡಿಯೂ ಇಳಿಯದಿದ್ದರೆ ಬಹುತೇಕ ಕಾರಣ ವಾರಾಂತ್ಯ. ಐದು ದಿನ 400ರಂತೆ ಉಳಿಸಿದ 2,000 ಕ್ಯಾಲೊರಿಯನ್ನು ಶನಿವಾರ ಭಾನುವಾರ ಸಾವಿರದಂತೆ ಹೆಚ್ಚು ತಿಂದು ತೀರಿಸಿಬಿಡುತ್ತೇವೆ. ಎರಡನೆಯದು, ವಾಕಿಂಗ್ ಮುಗಿಸಿ ಕುಡಿಯುವ ಜ್ಯೂಸ್. ಅರ್ಧ ಗಂಟೆ ನಡೆದು ಖರ್ಚಾದದ್ದು ಒಂದು ದೊಡ್ಡ ಲೋಟದಲ್ಲಿ ಮರಳುತ್ತದೆ. ಹದಿನಾರು ಗಂಟೆ ಉಪವಾಸದ ಬಗ್ಗೆ ಕೇಳುವವರು ಬಹಳ. ಒಟ್ಟು ಕ್ಯಾಲೊರಿ ಇಳಿದರೆ ಅದೂ ಕೆಲಸ ಮಾಡುತ್ತದೆ. ಆದರೆ ಎರಡೇ ಊಟದಲ್ಲಿ 84 ಗ್ರಾಂ ಪ್ರೋಟೀನ್ ಹೊಂದಿಸುವುದು, ಅದರಲ್ಲೂ ಸಸ್ಯಾಹಾರಿಗಳಿಗೆ, ಕಷ್ಟ. ಅದಕ್ಕೇ ನನ್ನ ಒಲವು ಮೂರು ಊಟದ ಕಡೆ.

ವಾರಕ್ಕೆ ಎರಡು ದಿನವಾದರೂ ಸ್ನಾಯುವಿಗೆ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ಪುಷ್‌ಅಪ್, ಭಾರದ ಚೀಲ ಎತ್ತಿ ನಡೆಯುವುದು. ಹತ್ತು ಸಲ ಸುಲಭವಾದರೆ ಭಾರ ಹೆಚ್ಚಿಸಿ. ಈ ಕೆಲಸ ಇಲ್ಲದಿದ್ದರೆ ತಿಂದ ಪ್ರೋಟೀನ್ ಸ್ನಾಯುವನ್ನು ಅರ್ಧಂಬರ್ಧ ಮಾತ್ರ ಕಾಯುತ್ತದೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಇಳಿಸುವ ಮೊದಲೇ ವೈದ್ಯರನ್ನು ಕೇಳಿ, ಔಷಧಿ ಹಳೆಯ ಪ್ರಮಾಣದಲ್ಲೇ ಇದ್ದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಬಿಪಿ ಮಾತ್ರೆಯನ್ನೂ ಕಡಿಮೆ ಮಾಡಬೇಕಾಗಿ ಬರಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ಮೇಲಿನ ಪ್ರೋಟೀನ್ ಲೆಕ್ಕ ಅನ್ವಯಿಸುವುದಿಲ್ಲ.

ತೂಕವನ್ನು ಬೆಳಗ್ಗೆ ಶೌಚವಾದ ಮೇಲೆ ನೋಡಿ, ಏಳು ದಿನದ ಸರಾಸರಿಯನ್ನಷ್ಟೇ ನಂಬಿ. ಅದಕ್ಕಿಂತ ಮುಖ್ಯ ಟೇಪು: ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, 160 ಸೆಂ.ಮೀ. ಎತ್ತರದವರಿಗೆ 80ರೊಳಗೆ. ನಾಲ್ಕು ವಾರವಾದರೂ ಟೇಪು, ಸರಾಸರಿ ಎರಡೂ ಕದಲದಿದ್ದರೆ ಆಗ ಅನ್ನದಲ್ಲಿ ಎರಡು ಮೂರು ದೊಡ್ಡ ಚಮಚ ಕಡಿಮೆ ಮಾಡಿ, ಇನ್ನೆರಡು ವಾರ ನೋಡಿ. ಬೇಳೆ, ಮೊಟ್ಟೆ, ಮೊಸರನ್ನು ಮುಟ್ಟಬೇಡಿ.