ಯೋಚನೆ ಬಂದರೆ ಬರಲಿ

ತಂಗಿಯ ನಾಲ್ಕು ತಿಂಗಳ ಮಗುವನ್ನು ಎತ್ತಿಕೊಂಡು ಬಾಲ್ಕನಿಯಲ್ಲಿ ನಿಂತಿದ್ದಾಗ, 'ಈಗ ಕೈ ಬಿಟ್ಟುಬಿಟ್ಟರೆ?' ಎಂಬ ಯೋಚನೆ ಎಲ್ಲಿಂದಲೋ ಬಂದು ನನ್ನ ಮೈ ತಣ್ಣಗಾಯಿತು. ಮಗುವಿನ ಪುಟ್ಟ ಮುಷ್ಟಿ ನನ್ನ ಅಂಗಿಯ ಗುಂಡಿಯನ್ನು ಹಿಡಿದುಕೊಂಡಿತ್ತು. ಕೂಡಲೇ ಒಳಗೆ ಹೋಗಿ ಅದನ್ನು ತಂಗಿಯ ಮಡಿಲಿಗೆ ಕೊಟ್ಟವನು, ಬೆನ್ನುನೋವಿನ ನೆಪ ಹೇಳಿ ಒಂದು ತಿಂಗಳು ಎತ್ತಿಕೊಳ್ಳಲೇ ಇಲ್ಲ.

ಆ ತಿಂಗಳಿಡೀ ಯೋಚನೆಯನ್ನು ಅಟ್ಟುವುದೇ ನನ್ನ ಕೆಲಸವಾಗಿತ್ತು. ಅಟ್ಟಿದಷ್ಟೂ ಅದು ಮರಳಿ ಬಂತು. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬಿಳಿ ಕರಡಿಯನ್ನು ನೆನೆಯಬಾರದು, ನೆನಪಾದರೆ ಗಂಟೆ ಬಾರಿಸಬೇಕು ಎಂದು ಕೆಲವರಿಗೆ ಹೇಳಲಾಗಿತ್ತು. ಕರಡಿ ಬರುತ್ತಲೇ ಇತ್ತು. ಅಷ್ಟೇ ಅಲ್ಲ, ಆಮೇಲೆ ನೆನೆಯಬಹುದೆಂದು ಬಿಟ್ಟಾಗ, ಮೊದಲಿನಿಂದಲೂ ನೆನೆಯಲು ಬಿಟ್ಟಿದ್ದವರಿಗಿಂತ ಇವರಿಗೇ ಅದು ಹೆಚ್ಚು ಕಾಡಿತು. ಒಂದು ಯೋಚನೆ ಬಂದಿಲ್ಲವೆಂದು ಖಚಿತಪಡಿಸಿಕೊಳ್ಳಲು ಮನಸ್ಸು ಅದನ್ನೇ ಹುಡುಕುತ್ತಿರಬೇಕಲ್ಲ!

ನನಗೆ ನಿಜವಾಗಿ ಸಮಾಧಾನ ಕೊಟ್ಟದ್ದು ಇನ್ನೂ ಹಳೆಯ ಅಧ್ಯಯನ. 1978ರಲ್ಲಿ ಮನಶ್ಶಾಸ್ತ್ರಜ್ಞರಾದ ರಾಕ್‌ಮನ್ ಮತ್ತು ಡಿ ಸಿಲ್ವಾ, ಯಾವ ಮಾನಸಿಕ ಕಾಯಿಲೆಯೂ ಇಲ್ಲದವರನ್ನು ವಿಚಾರಿಸಿದಾಗ ಅವರಲ್ಲಿ ಸುಮಾರು 80 ಶೇಕಡಾ ಮಂದಿ ಇಂಥ ಬೇಡದ ಯೋಚನೆಗಳು ಬರುತ್ತವೆಂದು ಒಪ್ಪಿಕೊಂಡಿದ್ದರು. ಬೇಡದ ಯೋಚನೆಗಳು ಬಿಡದೆ ಕಾಡುವ ಗೀಳಿನ ಕಾಯಿಲೆ (ಓಸಿಡಿ) ಇರುವವರ ಯೋಚನೆಗಳ ವಸ್ತುವೂ ಹೆಚ್ಚುಕಡಿಮೆ ಇವೇ. ವ್ಯತ್ಯಾಸವಿದ್ದದ್ದು ಅವು ಎಷ್ಟು ಸಲ ಬರುತ್ತವೆ, ಎಷ್ಟು ಹೊತ್ತು ಕಾಡುತ್ತವೆ, ಎಷ್ಟು ಸಂಕಟ ಕೊಡುತ್ತವೆ ಎಂಬುದರಲ್ಲಿ.

ಹಾಗಾಗಿ ಯೋಚನೆಯನ್ನು ಅಟ್ಟುವ ಬದಲು, ಅದು ಬಂದಿದೆಯೆಂದು ಒಪ್ಪಿಕೊಳ್ಳಲು ಕಲಿತೆ. ಒಪ್ಪಿಕೊಳ್ಳುವುದೆಂದರೆ ಯೋಚನೆ ಹೇಳಿದ್ದಕ್ಕೆ ತಲೆದೂಗುವುದಲ್ಲ. 'ಕೈ ಬಿಟ್ಟರೆ ಎಂಬ ಯೋಚನೆ ಈಗ ಬಂದಿದೆ' ಎಂದು ಗುರುತಿಸಿ, ಅದರೊಡನೆ ವಾದಿಸದೆ, ನಾನೆಂಥವನು ಎಂಬ ವಿಚಾರಣೆಗೂ ಇಳಿಯದೆ, ಕೈಯಲ್ಲಿರುವ ಕೆಲಸವನ್ನು ಮುಂದುವರಿಸುವುದು. ಹೀಗೆ ಮಾಡಿದರೆ ಯೋಚನೆ ಹೋಗುತ್ತದೆಂದು ಓರೆಗಣ್ಣಿನಲ್ಲಿ ಕಾದರೆ ಅದೂ ಅಟ್ಟುವ ಕೆಲಸವೇ. ಈ ತಪ್ಪನ್ನು ನಾನು ಬಹಳ ದಿನ ಮಾಡಿದೆ.

ಆದರೆ ಯೋಚನೆಗಳು ದಿನದ ಗಂಟೆಗಟ್ಟಲೆ ಹೊತ್ತನ್ನು ನುಂಗುತ್ತಿದ್ದರೆ, ಅಥವಾ ಸಾಯಬೇಕೆಂದು ನಿಜಕ್ಕೂ ಅನ್ನಿಸುತ್ತಿದ್ದರೆ, ಇಂಥ ಫೇಸ್‌ಬುಕ್ ಬರಹ ಸಾಲದು, ವೈದ್ಯರನ್ನು ಕಾಣಲೇಬೇಕು. ಗೀಳಿಗೆ ಪರಿಣಾಮಕಾರಿ ಚಿಕಿತ್ಸೆಯಿದೆ.

ಕಳೆದ ವಾರ ಮಗುವನ್ನು ಎತ್ತಿಕೊಂಡು ಅದೇ ಬಾಲ್ಕನಿಗೆ ಹೋದೆ. ಯೋಚನೆಯೂ ಬಂತು. ಮಗು ಈ ಸಲ ಗುಂಡಿಯನ್ನು ಬಿಟ್ಟು ನನ್ನ ಕನ್ನಡಕಕ್ಕೆ ಕೈ ಹಾಕಿತು.